ಚಂದ್ರಮತಿಗೆ ಗ್ಯಾಸ್ ಕೊಡಿಸಿದ್ದು

ತಮಿಳುನಾಡಿನ ಬಡತನವನ್ನು ನಿವಾರಿಸಿಯೇ ಸಿದ್ಧ ಎಂದು ಪದ್ಮನಾಭ ಅಡ್ಯಾರಿನ ಫ್ಲ್ಯಾಟಿನಲ್ಲಿ ತೀರ್ಮಾನಿಸಿದ್ದು ಒಂದು ಸೋಮವಾರ ಬೆಳಿಗ್ಗೆ, ಎರಡನೇ ಲೋಟ ಕಾಫಿ ಮುಗಿಯುವ ಮುಂಚೆ! ಅದು 2007ನೇ ಇಸವಿ. ಗ್ಯಾಸ್ ಇಲ್ಲದ ಬಡವರಿಗೆ ಸರ್ಕಾರವೇ ಒಲೆ, ಸಿಲಿಂಡರು ಎರಡನ್ನೂ ಪುಕ್ಕಟೆ ಕೊಡುತ್ತಿದ್ದ ಕಾಲ. ಹಿಂದಿನ ಸಂಜೆಯಷ್ಟೇ ಮೈಲಾಪೂರಿನ ಕನ್ನಡಿಗರ ಕೂಟವೊಂದರಲ್ಲಿ ಅವನು ‘ಬಡವರ ಒಲೆ’ ಎಂಬ ವಿಷಯದ ಮೇಲೆ ನಲವತ್ತು ನಿಮಿಷ ಗುಡುಗಿ, ಶಾಲು ಹೊದ್ದು ಬಂದಿದ್ದ. “ಉಳ್ಳವರು ತಮ್ಮ ಪಾಲಿಗಿಂತ ಹೆಚ್ಚು ಉರಿಸುವುದರಿಂದಲೇ ಇಲ್ಲದವರ ಮನೆ ಹೊಗೆಯಾಡುತ್ತದೆ!” ಎಂದಾಗ ಬಿದ್ದ ಚಪ್ಪಾಳೆ ಇನ್ನೂ ಕಿವಿಯಲ್ಲಿತ್ತು.

ಅಂಥ ಹೊತ್ತಿಗೆ ಸರಿಯಾಗಿ ಅಡುಗೆಯ ಚಂದ್ರಮತಿ ಕಣ್ಣೊರೆಸಿಕೊಳ್ಳುತ್ತಾ ಬಂದಳು. ಹೊಸೂರು ಕಡೆಯವಳು, ಹತ್ತು ವರ್ಷದಿಂದ ಈ ಮನೆಯ ಅಡುಗೆ ಅವಳದೇ.

“ಸಾರ್, ನಮ್ ಅರ್ಜಿ ವಾಪಸ್ ಬಂದ್ಬಿಡ್ತು. ನಂಗೆ ಆಗ್ಲೇ ಗ್ಯಾಸ್ ಇದೆಯಂತೆ!”

“ನಿನಗಾ? ಗ್ಯಾಸಾ?”

“ಆಮಾ ಸಾರ್. ರೇಷನ್ನಲ್ಲಿ ಸೀಮೆಎಣ್ಣೆ ಅರ್ಧ ಮಾಡಿದ್ದೂ ಅದಕ್ಕೇ ಅಂತೆ. ಎಣ್ಣೆ ಸಾಲ್ದೆ ಬಡಗಿ ಅಂಗಡಿ ಚಕ್ಕೆ ಉರಿಸ್ತೀನಿ. ಅಮ್ಮಂಗೆ ಉಬ್ಬಸ, ಡಾಕ್ಟ್ರು ಹೊಗೆ ಕೂಡಾದು ಅಂತಾರೆ. ನಾಳೆ ಮಧ್ಯಾಹ್ನದೊಳ್ಗೆ ಅರ್ಜಿ ಸರಿ ಮಾಡಿಸ್ದಿದ್ರೆ ಸ್ಟೌ ಇಲ್ಲ ಸಾರ್.”

ಪದ್ಮನಾಭನ ರಕ್ತ ಕುದಿಯಿತು. “ಬಡವಳ ಹೆಸರಲ್ಲಿ ಯಾವನೋ ಗ್ಯಾಸ್ ನುಂಗಿದಾನೆ! ಅವನ ಮಾನ ಬೀದೀಲಿ ಹರಾಜು ಹಾಕ್ದೆ ಇದ್ರೆ ನಾನು ಪದ್ಮನಾಭನೇ ಅಲ್ಲ! ನಡಿ ತಾಲ್ಲೂಕು ಆಫೀಸಿಗೆ!”

ಒಳಗಿಂದ ಹೆಂಡತಿ ಪ್ರೇಮಮ್ಮ ಓಡಿ ಬಂದಳು. “ರೀ, ಅಲ್ಲಿಗೆ ಹೋಗ್ಬೇಡಿ. ಒಂದ್ನಿಮಿಷ ಒಳಗ್ ಬನ್ನಿ. ಆ ಎರಡನೇ ಸಿಲಿಂಡರ್ರು...”

“ಸಿಲಿಂಡರ್ ಬುಕಿಂಗ್ ಸಂಜೆ ನೋಡೋಣ ಕಣೇ! ಈಗ ಬಡತನದ ವಿಷಯ!”

“ಅದೇ ರೀ, ಆ ಸಿಲಿಂಡರ್ರೇ...”

“ನಿನ್ ತಲೇಲಿ ಬರೀ ಅಡುಗೆಮನೆ!”

ಚಂದ್ರಮತಿಯ ಎದುರು ಪ್ರೇಮಮ್ಮ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಹಣೆ ಹಣೆ ಚಚ್ಚಿಕೊಂಡು ನಿಂತಳು.

ತಾಲ್ಲೂಕು ಕಚೇರಿಯಲ್ಲಿ ಬಾಗಿಲಾಚೆಗೂ ಸಾಲಿತ್ತು. ಧರ್ಮಯುದ್ಧಕ್ಕೆ ಸಾಲು ಯಾಕೆ? ಪದ್ಮನಾಭ ನೇರ ಮೇಜಿಗೇ ಹೋಗಿ, ತನ್ನ ಮಂಡ್ಯದ ತಮಿಳಿನಲ್ಲಿ ಆರ್ಭಟಿಸಿದ. ಮೇಜಿನ ಹಿಂದಿದ್ದ ಕನ್ನಡಕದ ಹೆಂಗಸು ಶಾಂತವಾಗಿ ಕಡತ ತೆರೆದು, ಒಂದು ಹಾಳೆ ಓದಿ, ಅವನ ಮುಖ ನೋಡಿ, ಮತ್ತೆ ಹಾಳೆ ನೋಡಿದರು.

“ಉಂಗ ಪೇರು ಎನ್ನ ಸಾರ್?”

“ಪದ್ಮನಾಭ! ಬರ್ಕೊಳಿ! ಕಂಪ್ಲೇಂಟ್ ನಂದೇ! ಆ ಕಳ್ಳ ಯಾರು, ಎಲ್ಲರಿಗೂ ಕೇಳೋ ಹಾಗೆ ಓದಿ!”

“ಸತ್ತಮಾವಾ?” ಜೋರಾಗಿಯೇ ಓದಬೇಕೇ ಎಂದು ಕೇಳಿದರು ಆಕೆ.

“ಸತ್ತಮಾ!”

ಆಕೆ ಗಂಟಲು ಸರಿಮಾಡಿಕೊಂಡು, ಕೊನೆಯ ಬೆಂಚಿಗೂ ಮುಟ್ಟುವ ಹಾಗೆ ಓದಿದರು: “ಚಂದ್ರಮತಿ, ಕೇರಾಫ್ ಪದ್ಮನಾಭ, ಎರಡನೇ ಮಹಡಿ, ಅಡ್ಯಾರ್. ಕನೆಕ್ಷನ್ ತೊಂಬತ್ತೆಂಟರದು. ಹೋದ ವಾರವೂ ಸಿಲಿಂಡರ್ ಡೆಲಿವರಿ ಆಗಿದೆ.”

ಆಗ ನೆನಪಾಯಿತು ಮಹಾನುಭಾವನಿಗೆ! ಆ ಕಾಲದಲ್ಲಿ ಗ್ಯಾಸಿಗೆ ವರ್ಷಗಟ್ಟಲೆ ಕಾಯಬೇಕು. ಯುಗಾದಿಯ ದಿನ ಒಬ್ಬಟ್ಟು ಅರ್ಧ ಬೆಂದಾಗ ಸಿಲಿಂಡರ್ ಖಾಲಿಯಾಯಿತೆಂಬ ಘೋರ ಅನ್ಯಾಯಕ್ಕೆ ಪರಿಹಾರವಾಗಿ, “ಆಫೀಸ್ ಕೆಲಸಕ್ಕೆ ಒಂದಿನ ಕೊಡಮ್ಮ” ಎಂದು ಚಂದ್ರಮತಿಯ ರೇಷನ್ ಕಾರ್ಡು ಪಡೆದು, ಅವಳ ಹೆಸರಲ್ಲಿ ಎರಡನೇ ಕನೆಕ್ಷನ್ ತೆಗೆದಿದ್ದ. ಕಾರ್ಡಿನ ಮೇಲೆ ಬಿದ್ದ ಗ್ಯಾಸ್ ಏಜೆನ್ಸಿಯ ನೇರಳೆ ಮುದ್ರೆ ಏನೆಂದು ಅವಳು ಕೇಳಿದಾಗ, “ಸರ್ಕಾರದ್ದು, ಒಳ್ಳೇದೇ” ಎಂದಿದ್ದ. ಆಮೇಲೆ ಅವಳ ಸೀಮೆಎಣ್ಣೆ ಅರ್ಧವಾದಾಗ, ಅವಳೇ ಮಾಡಿಕೊಟ್ಟ ಕಾಫಿ ಹೀರುತ್ತಾ ಸರ್ಕಾರವನ್ನು ವಾಚಾಮಗೋಚರ ಬೈದಿದ್ದ! ಒಂದು ಅನುಕೂಲ ಮನೆಯಲ್ಲಿ ಹಳೆಯದಾದರೆ, ಅದು ಎಲ್ಲಿಂದ ಬಂತೆಂಬುದು ಮರೆತೇ ಹೋಗುತ್ತದೆ.

“ಸಾರ್, ಕಂಪ್ಲೇಂಟ್ ಎಳುದಟ್ಟುಮಾ?” ಬರೆದುಕೊಳ್ಳಲೇ ಎಂದು ಆಕೆ ಪೆನ್ನೆತ್ತಿದರು. ಸಾಲಿನಲ್ಲಿದ್ದವರೆಲ್ಲ ನಕ್ಕರು.

ಚಂದ್ರಮತಿ ನಗಲಿಲ್ಲ. “ಹಂಗಾದ್ರೆ ಒಂಬತ್ತು ವರ್ಷದಿಂದ ನನ್ ಗ್ಯಾಸಲ್ಲೇ ನಿಮಗೆ ಕಾಫಿ ಕಾಯಿಸ್ತಿದ್ನಾ ಸಾರ್?”

ಕೋಪವಿಲ್ಲದೆ, ಲೆಕ್ಕ ತಿಳಿಯದ ಮಗುವಿನಂತೆ ಕೇಳಿದಳು. ನಾಚಿಕೆಯಿಂದ ಪದ್ಮನಾಭನಿಗೆ ನಿಂತ ನೆಲ ಬಾಯಿಬಿಡಬಾರದೇ ಎನಿಸಿತು. ನಲವತ್ತು ನಿಮಿಷ ಮಾತಾಡಬಲ್ಲವನ ಬಾಯಿಂದ ಹೊರಟದ್ದು ಎರಡೇ ಮಾತು.

“ತಪ್ಪಾಯ್ತು ಚಂದ್ರಮತಿ.”

“ಅಮ್ಮ ಎಣ್ಣೆ ಅರ್ಧ ಆದಾಗಿಂದ ಕೆಮ್ತಾನೇ ಇದಾರೆ ಸಾರ್,” ಎಂದಳು ಅವಳು, ಅಷ್ಟೇ.

ನಾಳೆ ಮಧ್ಯಾಹ್ನದೊಳಗೆ ಆ ಕನೆಕ್ಷನ್ ವಾಪಸ್ ಮಾಡಿದ ಚೀಟಿ ತಂದರೆ ಅರ್ಜಿ ಉಳಿಯುತ್ತದೆ ಎಂದರು ಕನ್ನಡಕದ ಹೆಂಗಸು. ಮನೆಗೆ ಬಂದು ಪದ್ಮನಾಭ ಆ ಎರಡನೇ ಸಿಲಿಂಡರಿನ ಕುತ್ತಿಗೆ ಹಿಡಿದ. ಲಿಫ್ಟಿಲ್ಲದ ಕಟ್ಟಡ. ಮೊದಲ ತಿರುವಿನಲ್ಲೇ ಸೊಂಟ ಹಿಡಿದುಕೊಂಡಿತು.

“ನಾನು ಬಡ್ಕೊಂಡೆ, ನೀವು ಕೇಳಿದ್ರಾ?” ಎಂದಳು ಪ್ರೇಮಮ್ಮ. ಆಮೇಲೆ ದನಿ ತಗ್ಗಿಸಿ, “ತಂದೋರು ನೀವು, ಗೊತ್ತಿದ್ದೂ ಉರಿಸ್ದೋಳು ನಾನು. ಸರೀರಿ, ಈ ಕಡೆ ನಾನ್ ಹಿಡೀತೀನಿ” ಎಂದು ಸೆರಗು ಸಿಕ್ಕಿಸಿದಳು.

ಗಂಡ ಹೆಂಡತಿ ಸಿಲಿಂಡರನ್ನು ಹಸುಗೂಸಿನಂತೆ ಆಟೋದಲ್ಲಿ ನಡುವೆ ಕೂರಿಸಿಕೊಂಡು ಹೋಗುವುದನ್ನು ಇಡೀ ಬೀದಿ ನೋಡಿತು. ಗ್ಯಾಸ್ ಏಜೆನ್ಸಿಯ ಚೀಟಿ ಮರುದಿನ ಹನ್ನೊಂದೂವರೆಗೆ ತಾಲ್ಲೂಕು ಕಚೇರಿ ತಲುಪಿತು. ಈ ಸಲ ಪದ್ಮನಾಭ ಸಾಲಿನ ಕೊನೆಯಲ್ಲಿ ನಿಂತಿದ್ದ.

ಎರಡು ತಿಂಗಳಿಗೆ ಒಲೆ ಬಂತು. ಹಾಲು ಉಕ್ಕಿಸಲು ಚಂದ್ರಮತಿ ಇಬ್ಬರನ್ನೂ ಕರೆದಳು. ಹೊಗೆಯಿಂದ ಕಪ್ಪಾದ ಒಂಟಿ ಕೋಣೆ, ಮೂಲೆಯಲ್ಲಿ ನೀಲಿ ಉರಿ. ಪದ್ಮನಾಭ ಗೋಡೆಯ ಮಸಿ ನೋಡುತ್ತಾ ಬಾಗಿಲಲ್ಲೇ ನಿಂತ. ಮಗಳು ಏನೂ ಹೇಳಿರಲಿಲ್ಲವೇನೋ, ಮುದುಕಿ ಅವನ ಎರಡೂ ಕೈ ಹಿಡಿದುಕೊಂಡಳು.

“ನಿಮ್ಮಿಂದ ನಮ್ಮನೆ ಹೊಗೆ ಹೋಯ್ತು ಸಾಮಿ! ನಿಮ್ಮನೇಲಿ ಯಾವತ್ತೂ ಎರಡೆರಡು ಸಿಲಿಂಡರ್ ಇರ್ಲಿ!”

ಹಾಲು ಉಕ್ಕಿತು. ಚಂದ್ರಮತಿ ಒಲೆ ಆರಿಸಿ, ತಿರುಗಿ ನೋಡದೆ ಅಂದಳು:

“ಹಂಗೆಲ್ಲ ಹರಸ್ಬೇಡಮ್ಮಾ! ಮೊದ್ಲು ನಮ್ ಕಾರ್ಡ್ ಎತ್ತಿಡು!”