ಮಾವನ ಜೋಡಿ ನಳಿಗೆ

ಪೆರ್ಡೂರಿನ ನನ್ನ ಸೋದರಮಾವನಷ್ಟು ಧೈರ್ಯವಂತರನ್ನು ನಾನು ಈ ಜಿಲ್ಲೆಯಲ್ಲಿ ಕಂಡಿಲ್ಲ. ಇಲ್ಲದಿದ್ದರೆ ದೀಪಾವಳಿ ಬಂತೆಂದರೆ ಕಿವಿಗೆ ಹತ್ತಿ ತುರುಕಿಕೊಂಡು ಒಳಕೋಣೆ ಸೇರುವ ಮನುಷ್ಯ ಕೋವಿ ಕೊಳ್ಳಲು ಹೊರಡುವುದುಂಟೇ? ಅದೂ ಒಂದು ನಳಿಗೆಯದ್ದಲ್ಲ, ಎರಡು ನಳಿಗೆಯದ್ದು! ಮೊದಲನೆಯ ಶಬ್ದಕ್ಕೇ ಓಡಿಹೋಗುವವರಿಗೆ ಎರಡನೆಯದು ಯಾಕೆ, ನೀವೇ ಹೇಳಿ.

ಕೋವಿಯ ಆಸೆ ಮೊದಲು ಹುಟ್ಟಿದ್ದು ಅತ್ತೆಗೆ. ಅವರು ಹೆಬ್ರಿ ಕಡೆಯವರು, ಕೋವಿ ಇದ್ದ ಮನೆಯಲ್ಲಿ ಬೆಳೆದವರು. ಹಿತ್ತಿಲಿನ ಗೆಣಸನ್ನೆಲ್ಲ ಹಂದಿಗಳು ಅಗೆದು ಹಾಕಿದ ವರ್ಷ ಮಾವನ ಬೆನ್ನು ಬಿದ್ದು ಬೆಳೆ ರಕ್ಷಣೆಯ ಕೋವಿಗೆ ಅರ್ಜಿ ಹಾಕಿಸಿದರು, ಜೊತೆಗೆ ಕೋವಿ ಹಿಡಿಯುವವರೆಂದು ತಮ್ಮ ಹೆಸರನ್ನೂ ಸೇರಿಸಿದರು. ಪರವಾನಗಿ ಬರುವಷ್ಟರಲ್ಲಿ ಅತ್ತೆಯೇ ಇರಲಿಲ್ಲ. ಸರಿ, ಆ ಮಾತು ಅಲ್ಲಿಗೆ ಮುಗಿಯಿತು ಅಂದುಕೊಂಡೆವು. ಎಲ್ಲಿಯ ಮುಗಿಯುವುದು! ಕಾರ್ಯಗಳೆಲ್ಲ ಕಳೆದದ್ದೇ ಮಾವ ಕೋವಿ ಹುಡುಕಲು ಹೊರಟರು. ಹಳೆಯದಾಗಬೇಕು, ಅಗ್ಗವಾಗಬೇಕು, ನಳಿಗೆಗಳು ಅಕ್ಕಪಕ್ಕ ಇರಬೇಕು, ಒಂದರ ಮೇಲೊಂದು ಇರಕೂಡದು. ಹೆಣ್ಣು ನೋಡುವವರಿಗೂ ಇಷ್ಟು ಷರತ್ತುಗಳಿರುವುದಿಲ್ಲ.

ಮಣಿಪಾಲದ ಫ್ಲ್ಯಾಟಿನಲ್ಲಿ ಒಬ್ಬಳೇ ಇರುವ ನನಗೆ ಭಾನುವಾರವೆಂದರೆ ಬಟ್ಟೆ ಮಡಚುವ ದಿನ, ಯಾರ ಫೋನೂ ಬಾರದ ದಿನ. ಆ ಭಾನುವಾರಗಳನ್ನೆಲ್ಲ ಮಾವ ವಶಪಡಿಸಿಕೊಂಡರು. “ಮಗಾ, ಕಾರು ತೆಗಿ” ಎಂದರೆ ನಾನು ತೆಗೆಯಬೇಕು. ಹತ್ತಿದವರು ಮುಂದೆ ಕೂರುವುದಿಲ್ಲ. ಮುಂದಿನ ಸೀಟು ಅತ್ತೆಯದು. ಹಿಂದೆ ಕೂತರೆ ತಿರುವಿನಲ್ಲಿ ಅವರಿಗೆ ವಾಂತಿ ಬರುತ್ತಿತ್ತು. ಈಗ ಅದು ಖಾಲಿ ಇದ್ದರೂ ಮಾವ ಹಿಂದೆಯೇ. ದಾರಿಯಲ್ಲಿ ನೋಡಿದವರು ನನ್ನನ್ನು ಬಾಡಿಗೆ ಕಾರಿನವಳು ಅಂದುಕೊಂಡರೆ ಅವರದೇನು ತಪ್ಪು?

ಕಾಪುವಿನಲ್ಲಿ ಸಮುದ್ರದ ಹತ್ತಿರದ ಕ್ರಿಶ್ಚಿಯನ್ ಮನೆಯ ಬಾಯಮ್ಮನೊಬ್ಬರು ತೀರಿಹೋದ ಗಂಡನ ಕೋವಿ ಮಾರಲಿಕ್ಕಿದ್ದರು. ಮಾವ ಅದರ ನಳಿಗೆಗಳನ್ನು ಬಿಚ್ಚಿ ಹಗ್ಗಕ್ಕೆ ತೂಗುಹಾಕಿದರು. ಎರಡು ನಳಿಗೆ ಕೂಡಿಸಿದ ಬೆಸುಗೆ ಗಟ್ಟಿಯಾಗಿದ್ದರೆ ಬೆರಳಿನಿಂದ ತಟ್ಟಿದಾಗ ಗಂಟೆಯ ನಾದ ಬರಬೇಕಂತೆ. ತಟ್ಟುವ ಮೊದಲು ಜೇಬಿನಿಂದ ಹತ್ತಿ ತೆಗೆದು ಎರಡೂ ಕಿವಿಗೆ ಇಟ್ಟುಕೊಂಡರು!

“ಎಂತ ಕೇಳಿತು?” ಎಂದು ನನ್ನನ್ನು ಕೇಳಿದರು.

“ಒಣ ತೆಂಗಿನಕಾಯಿ ಬಡಿದ ಹಾಗೆ.”

ಒಳಗೆ ಕಣ್ಣಿಟ್ಟು ನೋಡಿದರೆ ಉಪ್ಪುಗಾಳಿಗೆ ತುಕ್ಕು ಹಿಡಿದು ಗುಳಿಬಿದ್ದಿತ್ತು. ಕೋವಿ ಬೇಡವೆಂದಾಯಿತು. ಆದರೂ ಮಾವ ಅಲ್ಲಿಂದ ಎದ್ದದ್ದು ಊಟದ ಹೊತ್ತಿಗೆ. ಬಾಯಮ್ಮ ಗಂಡನ ಸುದ್ದಿ ಹೇಳಿದರು, ಮಾವ ಹತ್ತಿ ತೆಗೆದು ಎಲ್ಲವನ್ನೂ ಕೇಳಿದರು.

ಇನ್ನೊಂದು ವಿಚಿತ್ರ ಕೇಳಿ. ಎಲ್ಲಿ ಹೋದರೂ ಕೋವಿ ಎತ್ತುವವಳು ನಾನು! ಸೀರೆಯ ಸೆರಗು ಸಿಕ್ಕಿಸಿಕೊಂಡು ಹೆಗಲಿಗೆ ಕೊಟ್ಟು ನಿಲ್ಲಬೇಕು. ಮಾವ ಕನ್ನಡಕ ಏರಿಸಿ ನನ್ನ ಮೊಣಕೈ ನೋಡುವರು, ಕೆನ್ನೆ ನೋಡುವರು. ಹೆಬ್ರಿಯದ್ದಕ್ಕೆ “ಭಾರ, ಬೇಡ” ಎಂದರು. ಉಡುಪಿಯದ್ದಕ್ಕೆ “ಹಿಡಿ ಉದ್ದ, ಬೇಡ” ಎಂದರು. ಅಕ್ಕಿ ಮುಡಿಯನ್ನು ಒಂದೇ ಕೈಯಲ್ಲಿ ಎತ್ತುವ ಆರಡಿಯ ಮಾವನಿಗೆ ನಾನು ಎತ್ತಿದ ಕೋವಿ ಭಾರ! ತೋಳುನೋವು ಮಾತ್ರ ನನಗೆ.

ಹೀಗೇ ಆಗಿ ಪರವಾನಗಿಯಲ್ಲಿ ಕೋವಿ ಕೊಳ್ಳಲು ಕೊಟ್ಟ ಅವಧಿ ಮುಗಿಯುತ್ತಾ ಬಂತು. ಒಮ್ಮೆ ವಿಸ್ತರಿಸಿದ್ದಾಗಿದೆ, ಇನ್ನು ಆಗುವುದಿಲ್ಲ, ಈ ತಿಂಗಳೊಳಗೆ ಕೊಳ್ಳದಿದ್ದರೆ ಪರವಾನಗಿ ಹೋಯಿತು ಎಂದು ಕಚೇರಿಯಿಂದ ಹೇಳಿ ಕಳಿಸಿದರು. ಹೋದರೆ ಹೋಗಲಿ, ಬೇಲಿ ಹಾಕಿಸುವ ಎಂದೆ ನಾನು.

ಹಿಂದಿನ ಸೀಟಿನಲ್ಲಿ ಮಾವ ಜೇಬಿನ ಹತ್ತಿ ತೆಗೆದು ಉಂಡೆ ಕಟ್ಟಿದರು. ಆಮೇಲೆ, “ಅವಳು ನನ್ನ ಹತ್ತಿರ ಬಾಯಿಬಿಟ್ಟು ಕೇಳಿದ್ದು ಅದೊಂದೇ, ಮಗಾ” ಎಂದರು.

ಕೊನೆಯ ಭಾನುವಾರ ಕಾರ್ಕಳದ ಕೋವಿ ಅಂಗಡಿ. ಮೂಲೆಯಲ್ಲೊಂದು ಹಳೆಯ ಜೋಡಿ ನಳಿಗೆ, ಸಣ್ಣದು, ಮರದ ಬಣ್ಣ ಮಾಸಿದ್ದು, ಅದಕ್ಕೇ ಅಗ್ಗ. ತೂಗುಹಾಕಿ ತಟ್ಟಿದರೆ ದೇವರ ಕೋಣೆಯ ಗಂಟೆಯಂತೆ ಕೇಳಿತು. ಎತ್ತಿದೆ. ಅದು ತಾನಾಗಿಯೇ ಹೆಗಲಿಗೆ ಬಂದು ಕೂತಿತು. ಮೊಣಕೈ ಸರಿ, ಕೆನ್ನೆ ಸರಿ. ಮಾವ ಭಾರ ಎನ್ನಲಿಲ್ಲ, ಉದ್ದ ಎನ್ನಲಿಲ್ಲ.

“ಇದು ನಿಮಗೆ ಗಿಡ್ಡ ಆಯ್ತು,” ಎಂದರು ಅಂಗಡಿಯವರು ಮಾವನಿಗೆ. “ಹಿಡಿಯ ಹಿಂದೆ ರಬ್ಬರು ಕೂರಿಸಿ ಉದ್ದ ಮಾಡಿ ಕೊಡ್ತೇನೆ.”

“ಬೇಡ. ಹೀಗೇ ಇರಲಿ.” ಮಾವ ನನ್ನ ಕಡೆ ತಿರುಗಿದರು. “ನಿನ್ನ ಅತ್ತೆಯ ಕೈಯೂ ಇಷ್ಟೇ ಉದ್ದ ಅಲ್ವಾ?”

ಅಷ್ಟು ಭಾನುವಾರ ನನ್ನನ್ನು ಯಾಕೆ ಕರೆದುಕೊಂಡು ತಿರುಗಿದರು ಎಂದು ಆಗ ಗೊತ್ತಾಯಿತು. “ಹೌದು ಮಾವ, ಇಷ್ಟೇ” ಎಂದೆ.

ಚೀಲದಲ್ಲಿ ಹಾಕಿಸಿದ ಕೋವಿಯನ್ನು ಮಾವ ಮುಂದಿನ ಸೀಟಿನಲ್ಲಿ ಒರಗಿಸಿಟ್ಟು, ಎಂದಿನಂತೆ ಹಿಂದೆ ಹೋಗಿ ಕೂತರು. ಕಾರು ಹೊರಟದ್ದೇ ಕುಂಯ್ ಕುಂಯ್ ಎಂದು ಕೂಗತೊಡಗಿತು. ಸೀಟಿನಲ್ಲಿ ಯಾರೋ ಬೆಲ್ಟು ಹಾಕದೆ ಕೂತಿದ್ದಾರೆ ಎಂದು ಅದರ ಲೆಕ್ಕ. ನಾನು ನಿಲ್ಲಿಸಿ, ಬಾಗಿ, ಬೆಲ್ಟು ಎಳೆದು ಕೋವಿಗೆ ಕಟ್ಟಿದೆ. ಕೂಗು ನಿಂತಿತು.

“ನಿಧಾನ ಹೋಗು ಮಗಾ,” ಎಂದರು ಮಾವ ಹಿಂದಿನಿಂದ. “ತಿರುವಿನಲ್ಲಿ ಅವಳಿಗೆ ಆಗುವುದಿಲ್ಲ.”