ಶೆಡ್ಡಿನ ಪಕ್ಕದ ಬರಿನೆಲ

ಗ್ಲೆನಿಸ್: ಸುರಿಯೋದಾದ್ರೆ ನನ್ನ ಮೇಲೇ ಸುರಿ, ಕ್ಲೈವ್. ನಾನು ಕದಲಲ್ಲ.

ಕ್ಲೈವ್: ಏಳೇ ಮಾರಾಯ್ತಿ! ಕಾಂಕ್ರೀಟ್ ಗಟ್ಟಿಯಾಗ್ತಿದೆ. ಸಂಜೆ ಟ್ರೇಲರ್ ಮೇಲೆ ನನ್ನ ದೋಣಿ ಬರುತ್ತೆ, ನಿಲ್ಲಿಸೋಕೆ ಜಾಗ ಬೇಡ್ವಾ?

(ಅಡಿಲೇಡ್ ಊರಂಚಿನ ಹೊಸ ಬಡಾವಣೆ. ಶೆಡ್ಡಿನ ಪಕ್ಕದ ತುಂಡು ಬರಿನೆಲದಲ್ಲಿ ಗ್ಲೆನಿಸ್ ಕುರ್ಚಿ ಹಾಕಿಕೊಂಡು ಕೂತಿದ್ದಾಳೆ. ಎದುರಿಗೆ ತಳ್ಳುಗಾಡಿ ಹಿಡಿದ ಗಂಡ. ಅವಳ ಕಾಲಬುಡದ ಮಣ್ಣಿನಲ್ಲಿ ಪೆನ್ಸಿಲ್ ದಪ್ಪದ ತೂತುಗಳು. ಒಂದರಿಂದ ನೀಲಿಪಟ್ಟೆಯ ಕಾಡುಜೇನೊಂದು ತಲೆ ಹೊರಹಾಕಿ, ತಳ್ಳುಗಾಡಿಯನ್ನು ನೋಡಿ, ಮತ್ತೆ ಒಳಗೆ ಹೋಯಿತು.)

ಗ್ಲೆನಿಸ್: ನೋಡಿದ್ಯಾ? ಮನೆಯೊಳಗೆ ಜನ ಇದ್ದಾರೆ.

ಕ್ಲೈವ್: ಅವಕ್ಕೆ ಅಂತ ಜೇನಿನ ಹೋಟೆಲ್ ತಂದು ಗೋಡೆಗೆ ಹೊಡೆದಿಲ್ವಾ? ಬಿದಿರಿನ ಕೊಳವೆ, ಮೇಲೊಂದು ಸೂರು!

ಗ್ಲೆನಿಸ್: ಇವು ಮಣ್ಣು ಕೊರೆಯೋ ಜಾತಿ. ನಿನ್ನ ಹೋಟೆಲಲ್ಲಿ ಇಳ್ಕೊಂಡಿರೋದು ಜೇಡ ಒಂದೇ.

ಕ್ಲೈವ್: ಹಾಗಾದ್ರೆ ಹಿಂದಿನ ಕಾಡಿಗೆ ಹೋಗ್ಲಿ.

ಗ್ಲೆನಿಸ್: ಯಾವ ಕಾಡು? ಸಮ ಮಾಡಿ ಸೈಟ್ ಮಾರಿಲ್ವಾ? ಅದರಲ್ಲೊಂದರ ಮೇಲೇ ನೀನು ನಿಂತಿರೋದು.

(ಬೇಲಿಯಾಚೆ ಒಂದು ಬಿಳಿತಲೆ ಮೇಲೆದ್ದಿತು. ಪಕ್ಕದ ಮನೆಯ ಕಾರ್ಮೆಲಾ, ಇಟಲಿ ಮೂಲದವರು. ಬೇಸಿಗೆ ಬಂತೆಂದರೆ ಮನೆಮಂದಿಯೆಲ್ಲ ಸೇರಿ ಟೊಮೆಟೊ ಸಾಸ್ ಕಾಯಿಸಿ ಬಾಟಲಿಗೆ ತುಂಬುತ್ತಾರೆ. ಕ್ಲೈವ್ ವರ್ಷವಿಡೀ ಉಣ್ಣುವುದು ಅದನ್ನೇ.)

ಕಾರ್ಮೆಲಾ: ಸುರಿಯಪ್ಪ, ಸುರಿ. ಆ ಹುಳ ಹೂವನ್ನ ತಬ್ಬಿ ಗಡಗಡ ಅಲುಗಿಸಿದ್ರೇನೇ ನನ್ನ ಗಿಡ ಚೆನ್ನಾಗಿ ಕಾಯಿ ಕಟ್ಟೋದು. ಈ ಸಲ ಸಾಸ್ ಕೇಳ್ಕೊಂಡು ಬರ್ಬೇಡ.

ಕ್ಲೈವ್: ಆಹಾ! ಬೇಲಿಯಿಂದ ಬೇಲಿವರೆಗೂ ಸಿಮೆಂಟ್ ಬಳಿಸಿ, ಟೊಮೆಟೊನ ಡ್ರಮ್ಮಲ್ಲಿ ಬೆಳೆಯೋರು ನೀವು. ನನಗೆ ಬುದ್ಧಿ ಹೇಳ್ತೀರಾ?

ಕಾರ್ಮೆಲಾ: ಬಳಿಸಿದ್ದಕ್ಕೇ ಹೇಳ್ತಿರೋದು. ನಮ್ಮಲ್ಲಿ ಮಣ್ಣಿದ್ದಿದ್ರೆ ನಿನ್ನ ಹತ್ರ ಯಾಕೆ ಬೇಡ್ಕೋತಿದ್ದೆ?

ಕ್ಲೈವ್: ಅಂದ್ರೆ, ಈ ಹುಳಗಳಿಗೆ ಊಟ ನಿಮ್ಮನೇಲಿ, ವಾಸ ನಮ್ಮನೇಲಿ!

ಗ್ಲೆನಿಸ್: ನಿಂದೂ ಅದೇ ಕಥೆ ಅಲ್ವಾ?

(ಕ್ಲೈವ್ ಬೇಲಿಯಾಚೆಯ ಟೊಮೆಟೊ ಡ್ರಮ್ಮುಗಳತ್ತ ನೋಡಿದ. ಸಾಸಿಲ್ಲದ ಚಳಿಗಾಲ ಕಣ್ಣಮುಂದೆ ಬಂದಿರಬೇಕು. ತಳ್ಳುಗಾಡಿಯನ್ನು ನಿಧಾನವಾಗಿ ತಿರುಗಿಸಿದ.)

ಕ್ಲೈವ್: ಕಲಸಿದ್ದನ್ನ ಏನು ಮಾಡ್ಲಿ?

ಕಾರ್ಮೆಲಾ: ಈ ಕಡೆ ತಾ. ನಮ್ಮಂಗಳ ಒಂದ್ಕಡೆ ಬಿರುಕು ಬಿಟ್ಟಿದೆ.

ಕ್ಲೈವ್: ದೋಣಿ?

ಗ್ಲೆನಿಸ್: ನಿನ್ನ ಮುದ್ದಿನ ಹುಲ್ಲುಹಾಸಿನ ಮೇಲೆ ನಿಲ್ಲಿಸು.

ಕ್ಲೈವ್: ಹುಲ್ಲೆಲ್ಲ ಸತ್ತು ಬರಿ ಮಣ್ಣಾಗುತ್ತಲ್ಲೇ!

ಗ್ಲೆನಿಸ್: ಆಗ್ಲಿ ಬಿಡು. ಜೇನುಗಳಿಗೆ ಅದೇ ಎರಡನೇ ಹಂತದ ಬಡಾವಣೆ.