ಹೀ ಅಂತೀವ್ರಿ, ಶೀ ಅನ್ನಂಗಿಲ್ರಿ

ಇಚಲಕರಂಜಿಯ ಶಹಾಪುರದಾಗ ಸಣ್ಣ ಹುಡುಗ್ರಿಗೆ ಇಂಗ್ಲಿಷ್ ಕಲಸಾಕ ನಿಂತಾಗಿಂದ ನಾನು ನಗದೇ ಮನಿಗೆ ಹೋದ ದಿನ ಇಲ್ಲ. ಅತ್ತು ಹೋದ ದಿನ ಅದಾವ, ಅದು ಬ್ಯಾರೆ ಮಾತು. ನಮ್ಮ ಎರಡನೇ ಇಯತ್ತೆ ಹುಡುಗ್ರು ಮನ್ಯಾಗ ಕನ್ನಡ, ಓಣ್ಯಾಗ ಮರಾಠಿ ಮಾತಾಡ್ತಾವ. ಇಂಗ್ಲಿಷ್ ಅನ್ನೋದು ದಿನಾ ನನ್ನ ಒಂದ ತಾಸು ಅವರ ಕಿವಿಗೆ ಬೀಳ್ತೈತಿ. ಈ ವರ್ಷ ಆ ತಾಸಿಗೂ ಕುತ್ತು ಬಂತು.

ಹೆಡ್‌ಮಾಸ್ತರು ಕರದು ಹೇಳಿದ್ರು: "ಬಾಯಾರ, ದೀಪಾವಳಿ ಸೂಟಿ ಮುಗದಮ್ಯಾಲೆ ಸಂಸ್ಥೆಯ ಅಧ್ಯಕ್ಷಬಾಯಿ ಬರ್ತಾರ. ಹುಡುಗ್ರು ಅವರ ಮುಂದ ನಾಕು ಮಾತು ಇಂಗ್ಲಿಷ್ ಆಡಿದ್ರ ಚಲೋ ಆತು. ಇಲ್ಲಂದ್ರ ಸಣ್ಣವರ ಇಂಗ್ಲಿಷ್ ಬಂದ್. ಆ ತಾಸಿನ್ಯಾಗ ಮಗ್ಗಿ ಹೇಳಸೋಣು."

ನಾನೂ ಗಡಹಿಂಗ್ಲಜದ ಮೆಣಸಿನಕಾಯಿ ತಿಂದು ಬೆಳದಾಕಿ. "ಆಡಿಸೇ ಆಡಸ್ತೇನ್ರಿ ಸರ್" ಅಂದೆ. ಹೊರಗ ಬಂದಮ್ಯಾಲೆ ಕ್ಯಾಲೆಂಡರಿನ್ಯಾಗ ದಿನ ಎಣಿಸಿದೆ.

ಸಪ್ಪಗಿನ ಯೆಸ್

ಮುಂದಿನ ಬಾಕಿನ ಮ್ಯಾಲೆ ಎರಡು ಜಡಿ ಹುಡುಗಿ ಒಬ್ಬಾಕಿ ಕೂಡ್ತಾಳ. ಒಂದಿನ ಅಕಿ ಅಜ್ಜಿ ಸೆರಗು ಸಿಗಿಸ್ಕೊಂಡು ಸಾಲಿಗೇ ಬಂದ್ಲು.

"ಏನ್ ಕಲಸಾಕತ್ತೀರಿ ಬಾಯಾರ? ಅಜ್ಜ ಊಟ ಆತೇನು ಅಂತ ಕೇಳಿದ್ರ ಇದು ಬರೇ 'ಯೆಸ್' ಅಂತೈತಿ! ಹಿರ್ಯಾರಿಗೆ ರೀ ಹಚ್ಚಬೇಕಂತ ನಿಮ್ಮ ಪುಸ್ತಕದಾಗ ಇಲ್ಲೇನು?"

"ಇಂಗ್ಲಿಷಿನ್ಯಾಗ ರೀ ಇರಂಗಿಲ್ಲಜ್ಜಿ."

"ಇಲ್ಲಂದ್ರ ನೀವು ಹಚ್ಚಿ ಕಲಸ್ರಿ. ಪಲ್ಯಾ ಸಪ್ಪಗಿದ್ರ ಮ್ಯಾಲೆ ಉಪ್ಪು ಉದರಿಸ್ಕೊಳ್ಳಂಗಿಲ್ಲೇನು?"

ಮರುದಿನ ಹಾಜರಿ ಕರದ್ರ ಇಡೀ ಕ್ಲಾಸು "ಯೆಸ್ ರೀ!" ಅಂತು. ಹೆಡ್‌ಮಾಸ್ತರು ಬಾಗಲದಾಗಿಂದ ಒದರಿದ್ರು: "ಬಾಯಾರ, ಮೊದಲ ಆ ರೀ ಬಿಡಸ್ರಿ! ಇಂಗ್ಲಿಷಿಗೆ ಯಾರರ ರೀ ಹಚ್ತಾರೇನು?"

ಅವರು ಹೋದಮ್ಯಾಲೆ, "ಇನ್ನ ಮ್ಯಾಲೆ ರೀ ಬ್ಯಾಡ, ತಿಳೀತಿಲ್ಲೋ?" ಅಂದೆ.

"ಓಕೇ ರೀ!" ಅಂದ್ವು.

ಸಾವಕಾಶ

ಪವರ್‌ಲೂಮ್ ಶೆಡ್ಡಿನ ಮಗ್ಗಲ ಬೆಳದ ಹುಡುಗ್ರು ಇವು. ಆ ಖಟಖಟದಾಗ ಅವ್ವನ್ನ ಕರೀಬೇಕಂದ್ರೂ ಒದರಬೇಕು, ಅದ ರೂಢಿ ಆಗೇತಿ. ನಾನು ತುಟಿ ಮ್ಯಾಲೆ ಬಟ್ಟಿಟ್ಟು ಪಿಸುಮಾತಿನ್ಯಾಗ ಹೇಳಿದೆ: "ಸಾಫ್ಟ್ಲಿ."

"ಸಾಫ್ಟ್ಲೀ!" ಅಂತ ಇಡೀ ಕ್ಲಾಸು ಹಿಂತಾ ದನಿ ತಗೀತು, ಹಿಂದಿನ ಶೆಡ್ಡಿನವ ಮಗ್ಗ ನಿಂದರಿಸಿ ಕಿಡಕ್ಯಾಗ ಹಣಕಿ ಹಾಕಿದ.

"ಕರದ್ರೇನ್ರಿ ಬಾಯಾರ?"

ಸಾರಿ ಅಂದ್ರ ಸರೀತಾರ

ಒಂದ ಸೋಮವಾರ ಎರಡು ಜಡಿ ಹುಡುಗಿ ಓಡಿ ಬಂದ್ಲು. "ಬಾಯಾರ್ರಿ, ಇಂಗ್ಲಿಷ್ ಖರೇನ ನಡೀತೈತ್ರಿ!"

"ಹೆಂಗವ್ವಾ?"

"ನಿನ್ನೆ ಅಜ್ಜಿ ಕೂಡ ಕೊಲ್ಲಾಪುರಕ್ಕ ಹೋಗಿದ್ದೆ. ಸ್ಟ್ಯಾಂಡಿನ್ಯಾಗ ಭಾಳ ಗದ್ಲ ಇತ್ತು. ನಾನು 'ಸಾರಿ, ಸಾರಿ' ಅಂದೆ, ಎಲ್ಲಾರೂ ಸರದ ನಿಂತ್ರು!"

ಇಕಿ 'ಸಾರಿ' ಅನ್ನೋದನ್ನ ನಮ್ಮ 'ಸರೀರಿ' ಅಂತ ತಿಳಕೊಂಡಾಳಂತ ಆವಾಗ ನನಗ ಗೊತ್ತಾತು. "ಅಲ್ಲವ್ವಾ, ಸಾರಿ ಅಂದ್ರ ತಪ್ಪಾತು ಅಂತ" ಅಂದೆ.

"ತಪ್ಪು ಅವರದ ಇತ್ತಲ್ರೀ! ಅಡ್ಡ ನಿಂತಾವರು ಅವರು!"

ಹೀ ಮತ್ತ ಶೀ

ಇಷ್ಟೆಲ್ಲಾ ತಾಳಿಕೊಂಡೆ. ನನ್ನ ನೀರು ಇಳಿಸಿದ್ದು ಒಂದ ಅಕ್ಷರ. ಅವ್ವನ ಚಿತ್ರ ತೋರಿಸಿ "ಶೀ ಈಸ್ ಮೈ ಮದರ್" ಅಂದೆ. ಹುಡುಗ್ರು ಒಬ್ಬರ ಮ್ಯಾಲೊಬ್ಬರು ಬಿದ್ದು ನಗಾಕತ್ವು.

ತಪ್ಪು ಅವರದಲ್ಲ. ನಮ್ಮ ಓಣಿ ಮರಾಠ್ಯಾಗ ಸಣ್ಣ ಹುಡುಗ್ರು ಎರಡಕ್ಕ ಕುಂಡ್ರೋದಕ್ಕ 'ಶೀ' ಅಂತಾವ. ಮತ್ತ ಹೆಣ್ಣಮಕ್ಕಳನ್ನ ತೋರಿಸಿ 'ಹೀ' ಅಂತಾರ: 'ಹೀ ಮಾಝೀ ಆಯಿ', ಇಕಿ ನಮ್ಮವ್ವ. ಅದಕ್ಕ ಇಂಗ್ಲಿಷಿನ್ಯಾಗೂ ಅವ್ವ 'ಹೀ' ಆದ್ಲು. ಅಜ್ಜಿ 'ಹೀ'. ಎಮ್ಮಿನೂ 'ಹೀ'.

ಎರಡು ಜಡಿ ಹುಡುಗಿ ಅಂತೂ ಬಾಯಿಗೆ ಕೈ ಮುಚ್ಕೊಂಡ ಕುಂತ್ಲು. "ಅವ್ವಗ ಹಂಗ ಅನ್ನಂಗಿಲ್ರಿ. ಹೊಲಸ್ರಿ."

"ಇದು ಇಂಗ್ಲಿಷ್ ಶೀ, ಹೊಲಸಲ್ಲ!"

"ವಾಸನಿ ಒಂದ ಅಲ್ರೀ?"

ಅಕಿ ಹಟಮಾರಿ, ನಾನು ಅಕಿಗಿಂತ ಹಟಮಾರಿ. ಅಧ್ಯಕ್ಷಬಾಯಿ ಮುಂದ ಮಾತಾಡಾಕ ಅಕೀನ್ನ ಆರಿಸಿದೆ. ಅಕೀನ ಗೆದ್ರ ಕ್ಲಾಸು ಗೆದ್ದಂಗ. ಹದಿನೈದು ದಿನ ಕುಂತ್ರ ಶೀ, ನಿಂತ್ರ ಶೀ. ಮನ್ಯಾಗ ನಿದ್ದಿಗಣ್ಣಾಗೂ ನಾನು ಶೀ ಶೀ ಅಂದೆನಂತ, ನಮ್ಮನಿಯವರು ಎದ್ದು ಚಾದರ ಝಾಡಿಸಿ ನೋಡಿದ್ರಂತ.

ಅಧ್ಯಕ್ಷಬಾಯಿ ಬಂದ್ರು

ಜರಿಸೀರಿ ಉಟ್ಟು ಅಧ್ಯಕ್ಷಬಾಯಿ ಕುರ್ಚಿ ಮ್ಯಾಲೆ ಕುಂತ್ರು. ಹೆಡ್‌ಮಾಸ್ತರು ಹೂವಿನ ಗುಚ್ಛ ಹಿಡಕೊಂಡು ಅವರ ಮುಂದ ಅಡ್ಡ ನಿಂತಿದ್ರು. ಎರಡು ಜಡಿ ಹುಡುಗಿ ಬಂದಾಕೀನ "ಸಾರಿ ಸರ್!" ಅಂದ್ಲು. ಅವರು ಗಾಬರ್‍ಯಾಗಿ ಸರದ್ರು.

"ವ್ಹಾ! ಎಂಥಾ ಚಲೋ ರೀತಿ ಕಲಿಸ್ಯಾರ!" ಅಂದ್ರು ಅಧ್ಯಕ್ಷಬಾಯಿ.

ಹೆಸರು, ಊರು, ಸಾಲಿ, ಮೂರು ಮಾತು ಹುಡುಗಿ ಪಟಪಟ ಹೇಳಿದ್ಲು. ನಾಕನೇದು ಉಳಿದಿತ್ತು. ಅಧ್ಯಕ್ಷಬಾಯಿ ಕಡೆ ಕೈ ಮಾಡಿ 'ಶೀ ಈಸ್ ಅವರ್ ಗೆಸ್ಟ್' ಅನ್ನಬೇಕು.

ಹುಡುಗಿ ತಡದ್ಲು. ಆ ಜರಿಸೀರಿ ನೋಡಿದ್ಲು, ನನ್ನ ಮಾರಿ ನೋಡಿದ್ಲು. ಕ್ಲಾಸಿಗೆ ಕ್ಲಾಸೇ ಬಾಯಿಗೆ ಕೈ ಹಚ್ಚಿತ್ತು. ನನ್ನ ತಾಸು ಹೋತು, ಇನ್ನ ಮಗ್ಗೀನ ಗತಿ ಅಂದ್ಕೊಂಡೆ. ಅಷ್ಟ್ರಾಗ ಅಕಿ ಎರಡೂ ಕೈ ಜೋಡಿಸಿ, ಕಣ್ಣು ಗಟ್ಟಿ ಮುಚ್ಚಿ, ಮಗ್ಗದ ಸಪ್ಪಳಾನೂ ಮುಚ್ಚಿ ಹೋಗೋವಂಗ ಒದರಿದ್ಲು:

"ಶೀ ರೀ ಈಸ್ ಅವರ್ ಗೆಸ್ಟ್ ರೀ!"

ಅಧ್ಯಕ್ಷಬಾಯಿ ಬಗ್ಗಿ ಕೇಳಿದ್ರು: "ನಡುವ ರೀ ಯಾಕವ್ವಾ?"

"ಬರೇ ಶೀ ಅಂದ್ರ ಹೊಲಸ್ರಿ. ರೀ ಹಚ್ಚಿದ್ರ ಇಂಗ್ಲಿಷ್ ಆಗ್ತೈತ್ರಿ."

ಅವರೂ ಇದ ಊರಿನವರು, ಕನ್ನಡ ಮರಾಠಿ ಎರಡೂ ಬಲ್ಲವರು. ಸೆರಗು ಬಾಯಿಗೆ ಹಚ್ಚಿ ಕಣ್ಣಾಗ ನೀರು ಬರೂತನಕ ನಕ್ರು. ಆಮ್ಯಾಲೆ, ತಾಸು ಬಂದ್ ಮಾಡೋದಂತ ಮೊದಲ ಅವರಿಗೆ ಬರದಿದ್ದ ಹೆಡ್‌ಮಾಸ್ತರ ಕಡೆ ತಿರುಗಿ, "ಹಿಂತಾ ಚಲೋ ತಾಸು ಬಂದ್ ಮಾಡಾವರಿದ್ರೇನು ನೀವು?" ಅಂತ ಕೇಳಿದ್ರು.

ಹೆಡ್‌ಮಾಸ್ತರು ಹೂವಿನ ಗುಚ್ಛ ಹಿಡಕೊಂಡೇ ಕೈ ಮುಗದ್ರು.

"ನೋ ರೀ! ನೋ ರೀ!"